ಏಳೇ ಇನಿಂಗ್ಸ್ ಆಡಿದವರನ್ನು ಶ್ರೇಷ್ಠ ಬ್ಯಾಟರ್ ಎನ್ನಬಹುದೇ?

1970ರ ಜನವರಿಯಿಂದ ಮಾರ್ಚ್‌ವರೆಗೆ ದಕ್ಷಿಣ ಆಫ್ರಿಕಾದ ಆರಂಭಿಕ ಆಟಗಾರ ಬ್ಯಾರಿ ರಿಚರ್ಡ್ಸ್ ತಮ್ಮ ನೆಲದಲ್ಲಿ ಆಸ್ಟ್ರೇಲಿಯಾ ವಿರುದ್ಧ ನಾಲ್ಕು ಟೆಸ್ಟ್ ಪಂದ್ಯಗಳನ್ನು ಆಡಿದರು. ಏಳು ಇನಿಂಗ್ಸ್‌ಗಳಲ್ಲಿ ಅವರು ಗಳಿಸಿದ ರನ್‌ಗಳು ಕ್ರಮವಾಗಿ 29, 32, 140, 65, 35, 81 ಮತ್ತು 126. ಒಟ್ಟು 508 ರನ್, ಸರಾಸರಿ 72.57. ಆಗ ಅವರಿಗೆ 24 ವರ್ಷ. ಆ ಸರಣಿಯ ಬಳಿಕ ವರ್ಣಭೇದ ನೀತಿಯ ಕಾರಣಕ್ಕಾಗಿ ದಕ್ಷಿಣ ಆಫ್ರಿಕಾ ಅಂತರರಾಷ್ಟ್ರೀಯ ಕ್ರಿಕೆಟ್‌ನಿಂದ ಹೊರಗುಳಿಯಿತು. ಅದು ಮರಳಿ ಬಂದದ್ದು 1991ರಲ್ಲಿ. ರಿಚರ್ಡ್ಸ್ ಮತ್ತೆ ಟೆಸ್ಟ್ ಆಡಲಿಲ್ಲ. ಆದರೂ ಕ್ರಿಕೆಟ್ ಬಲ್ಲವರು ಸಾರ್ವಕಾಲಿಕ ತಂಡಗಳನ್ನು ಆರಿಸುವಾಗ ಆರಂಭಿಕರ ಸ್ಥಾನಕ್ಕೆ ಅವರ ಹೆಸರು ಮತ್ತೆ ಮತ್ತೆ ಬರುತ್ತದೆ. ಆಸ್ಟ್ರೇಲಿಯಾದ ದಿಗ್ಗಜ ಬ್ಯಾಟರ್ ಡೊನಾಲ್ಡ್ ಬ್ರಾಡ್ಮನ್ ಆರಿಸಿದ್ದ ಸಾರ್ವಕಾಲಿಕ ತಂಡವನ್ನು ಅವರ ನಿಧನಾನಂತರ, 2001ರಲ್ಲಿ ಪ್ರಕಟಿಸಿದಾಗಲೂ ಅದರಲ್ಲಿ ರಿಚರ್ಡ್ಸ್ ಇದ್ದರು.

ಇಂಥದೇ ಪ್ರಶ್ನೆ ನಮ್ಮ ನಡುವೆ ಮತ್ತೆ ಎದ್ದದ್ದು 2025ರಲ್ಲಿ, ಕರುಣ್ ನಾಯರ್ ಎಂಟು ವರ್ಷಗಳ ಬಳಿಕ ಭಾರತದ ಟೆಸ್ಟ್ ತಂಡಕ್ಕೆ ಮರಳಿದಾಗ. ತ್ರಿಶತಕ ಹೊಡೆದವರನ್ನು ಕೈಬಿಟ್ಟದ್ದು ಅನ್ಯಾಯವೆಂದು ಒಂದು ಪಕ್ಷ ವಾದಿಸಿದರೆ, ಒಂದು ಇನಿಂಗ್ಸ್‌ನಿಂದ ಏನೂ ತೀರ್ಮಾನವಾಗದೆಂದು ಇನ್ನೊಂದು ಪಕ್ಷ ವಾದಿಸಿತು. ಎರಡೂ ಪಕ್ಷಗಳು ಅಂಕಿಗಳನ್ನೇ ಆಧಾರವಾಗಿ ಹಿಡಿದಿದ್ದವು. ಹಾಗಾದರೆ ಕೆಲವೇ ಪಂದ್ಯಗಳ ಅಂಕಿಗಳು ನಿಜವಾಗಿ ಏನನ್ನು ಹೇಳಬಲ್ಲವು, ಏನನ್ನು ಹೇಳಲಾರವು ಎಂಬುದನ್ನು ಮೊದಲಿನಿಂದ ನೋಡುವುದು ಒಳ್ಳೆಯದು.

ಸರಾಸರಿ ಎಂದರೇನು?

ಬ್ಯಾಟಿಂಗ್ ಸರಾಸರಿಯೆಂದರೆ ಗಳಿಸಿದ ಒಟ್ಟು ರನ್‌ಗಳನ್ನು ಔಟಾದ ಸಲಗಳಿಂದ ಭಾಗಿಸಿ ಬರುವ ಸಂಖ್ಯೆ. ಇಲ್ಲಿ ಭಾಗಿಸುವುದು ಆಡಿದ ಇನಿಂಗ್ಸ್‌ಗಳ ಸಂಖ್ಯೆಯಿಂದಲ್ಲ ಎಂಬುದನ್ನು ನೆನಪಿಡಬೇಕು. ಔಟಾಗದೆ ಉಳಿದ ಇನಿಂಗ್ಸ್‌ನ ರನ್‌ಗಳು ಮೊತ್ತಕ್ಕೆ ಸೇರುತ್ತವೆ, ಆದರೆ ಭಾಜಕ ಬೆಳೆಯುವುದಿಲ್ಲ. ನೂರಾರು ಇನಿಂಗ್ಸ್ ಆಡಿದವರ ವಿಷಯದಲ್ಲಿ ಈ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ. ಕೆಲವೇ ಇನಿಂಗ್ಸ್ ಆಡಿದವರಲ್ಲಿ ಮಾತ್ರ ಅದು ವಿಚಿತ್ರ ಫಲಿತಾಂಶಗಳನ್ನು ಕೊಡುತ್ತದೆ.

ವೆಸ್ಟ್ ಇಂಡೀಸ್‌ನ ಆ್ಯಂಡಿ ಗಾಂಟೋಮ್ 1948ರಲ್ಲಿ ಇಂಗ್ಲೆಂಡ್ ವಿರುದ್ಧ ತಮ್ಮ ಏಕೈಕ ಟೆಸ್ಟ್‌ನ ಏಕೈಕ ಇನಿಂಗ್ಸ್‌ನಲ್ಲಿ 112 ರನ್ ಗಳಿಸಿ ಔಟಾದರು. ಅವರ ಸರಾಸರಿ 112, ಅಂದರೆ ಬ್ರಾಡ್ಮನ್ ಅವರ 99.94ಕ್ಕಿಂತಲೂ ಹೆಚ್ಚು. ಆಸ್ಟ್ರೇಲಿಯಾದ ಸ್ಟುವರ್ಟ್ ಲಾ 1995ರಲ್ಲಿ ಆಡಿದ ಏಕೈಕ ಟೆಸ್ಟ್‌ನಲ್ಲಿ 54 ರನ್ ಗಳಿಸಿ ಔಟಾಗದೆ ಉಳಿದರು. ಒಮ್ಮೆಯೂ ಔಟಾಗದವರ ಸರಾಸರಿಯನ್ನು ಲೆಕ್ಕ ಹಾಕಲು ಬರುವುದೇ ಇಲ್ಲ. ಇಂಥ ಕಾರಣಕ್ಕಾಗಿಯೇ ಸರಾಸರಿಗಳ ಪಟ್ಟಿ ಮಾಡುವವರು ಸಾಮಾನ್ಯವಾಗಿ ಕನಿಷ್ಠ 20 ಇನಿಂಗ್ಸ್ ಆಡಿರಬೇಕೆಂಬ ಗೆರೆ ಎಳೆಯುತ್ತಾರೆ. ಆ ಗೆರೆಯಿಂದ ಗಾಂಟೋಮ್ ಹೊರಗುಳಿಯುತ್ತಾರೆ, ರಿಚರ್ಡ್ಸ್ ಕೂಡ ಹೊರಗುಳಿಯುತ್ತಾರೆ. ಪಟ್ಟಿಯಲ್ಲಿ ಹೆಸರಿಲ್ಲದಿರುವುದಕ್ಕೂ ಶ್ರೇಷ್ಠತೆ ಇಲ್ಲದಿರುವುದಕ್ಕೂ ಸಂಬಂಧವಿಲ್ಲವೆಂಬುದು ಮರೆತುಹೋಗುವುದು ಇಲ್ಲಿಯೇ.

ಕಡಿಮೆ ಇನಿಂಗ್ಸ್‌ಗಳು ಏಕೆ ದಾರಿ ತಪ್ಪಿಸುತ್ತವೆ?

ಒಂದು ವಾರದ ಮಳೆಯನ್ನು ಅಳೆದು ಒಂದು ಪ್ರದೇಶದ ವಾರ್ಷಿಕ ಮಳೆಯನ್ನು ಹೇಳಹೊರಟರೆ ಎಷ್ಟು ತಪ್ಪಾಗಬಹುದೋ, ಕೆಲವೇ ಇನಿಂಗ್ಸ್‌ಗಳಿಂದ ಬ್ಯಾಟರ್‌ನ ಯೋಗ್ಯತೆಯನ್ನು ಅಳೆದರೆ ಅಷ್ಟೇ ತಪ್ಪಾಗಬಹುದು. ಬ್ಯಾಟಿಂಗ್‌ನಲ್ಲಿ ಏರಿಳಿತ ವಿಪರೀತ. ಸರಾಸರಿ 50 ಇರುವವರು ಪ್ರತಿ ಸಲವೂ ಐವತ್ತರ ಆಸುಪಾಸಿನಲ್ಲಿ ಔಟಾಗುವುದಿಲ್ಲ. ಸೊನ್ನೆ, ಎಂಟು, ಹದಿನೈದು ಎಂಬಂಥ ಹಲವು ಸಣ್ಣ ಮೊತ್ತಗಳ ನಡುವೆ ಕೆಲವು ದೊಡ್ಡ ಶತಕಗಳು ಬಂದು ಆ ಸರಾಸರಿ ಆಗಿರುತ್ತದೆ. ಸ್ಥೂಲವಾಗಿ ಹೇಳುವುದಾದರೆ, ಇನಿಂಗ್ಸ್‌ನಿಂದ ಇನಿಂಗ್ಸ್‌ಗೆ ಆಗುವ ಏರಿಳಿತದ ಗಾತ್ರ ಸರಾಸರಿಯಷ್ಟೇ ದೊಡ್ಡದು.

ಇದರಿಂದ ಒಂದು ಉಪಯುಕ್ತ ಅಂದಾಜು ದೊರೆಯುತ್ತದೆ. ಸರಾಸರಿಯನ್ನು ಔಟಾದ ಸಲಗಳ ವರ್ಗಮೂಲದಿಂದ ಭಾಗಿಸಿದರೆ, ಆ ಸರಾಸರಿ ಅದೃಷ್ಟವಶಾತ್ ಎಷ್ಟು ಮೇಲೆ ಕೆಳಗೆ ಆಗಿರಬಹುದು ಎಂಬುದು ತಿಳಿಯುತ್ತದೆ. ನಿಜವಾದ ಮಟ್ಟ 50 ಇರುವ ಬ್ಯಾಟರ್ ನೂರು ಸಲ ಔಟಾಗಿದ್ದರೆ ದಾಖಲೆಯಲ್ಲಿ ಕಾಣುವ ಸರಾಸರಿ ಬಹುಮಟ್ಟಿಗೆ 45ರಿಂದ 55ರ ನಡುವೆ ಇರುತ್ತದೆ. ಇಪ್ಪತ್ತೈದು ಸಲ ಔಟಾಗಿದ್ದರೆ 40ರಿಂದ 60. ಏಳೇ ಸಲ ಔಟಾಗಿದ್ದರೆ 31ರಿಂದ 69. ಮೂರರಲ್ಲಿ ಒಂದು ಸಲ ಈ ಎಲ್ಲೆಗಳನ್ನೂ ಮೀರುವುದುಂಟು. ಇದೇ ಅಳತೆಯನ್ನು ರಿಚರ್ಡ್ಸ್ ಅವರ 72.57ಕ್ಕೆ ಅನ್ವಯಿಸಿದರೆ ಅವರ ನಿಜವಾದ ಮಟ್ಟ 45ರಿಂದ 100ರವರೆಗೆ ಎಲ್ಲಿ ಬೇಕಾದರೂ ಇರಬಹುದು. 45 ಎಂದರೆ ಒಳ್ಳೆಯ ಟೆಸ್ಟ್ ಬ್ಯಾಟರ್, 100 ಎಂದರೆ ಬ್ರಾಡ್ಮನ್. ಈ ಎರಡರ ನಡುವಿನ ಅಂತರವನ್ನು ಏಳು ಇನಿಂಗ್ಸ್‌ಗಳು ಕಿರಿದು ಮಾಡಲಾರವು.

ಕರುಣ್ ನಾಯರ್ ಅವರ ಅಂಕಿಗಳಲ್ಲಿ ಇದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. 2016ರ ಡಿಸೆಂಬರ್‌ನಲ್ಲಿ ಚೆನ್ನೈನಲ್ಲಿ ಇಂಗ್ಲೆಂಡ್ ವಿರುದ್ಧ ಅವರು ತಮ್ಮ ಮೂರನೆಯ ಟೆಸ್ಟ್ ಇನಿಂಗ್ಸ್‌ನಲ್ಲಿ ಔಟಾಗದೆ 303 ರನ್ ಗಳಿಸಿದರು. 2017ರ ಮಾರ್ಚ್ ಹೊತ್ತಿಗೆ ಆರು ಟೆಸ್ಟ್‌ಗಳಲ್ಲಿ ಅವರ ಒಟ್ಟು ಗಳಿಕೆ 374 ರನ್, ಸರಾಸರಿ 62.33. ಆ ಒಂದು ಇನಿಂಗ್ಸನ್ನು ಪಕ್ಕಕ್ಕಿಟ್ಟರೆ ಉಳಿಯುವುದು ಆರು ಸಲ ಔಟಾಗಿ ಗಳಿಸಿದ 71 ರನ್, ಅಂದರೆ ಸರಾಸರಿ 12ಕ್ಕಿಂತ ಕಡಿಮೆ. ಒಂದೇ ದಾಖಲೆಯಿಂದ 62 ಎಂದೂ ಹೇಳಬಹುದು, 12 ಎಂದೂ ಹೇಳಬಹುದು ಎಂದಾದಾಗ, ಆ ದಾಖಲೆ ಸುಳ್ಳು ಹೇಳುತ್ತಿದೆ ಎಂದಲ್ಲ; ಅದಿನ್ನೂ ತೀರ್ಪು ಕೊಡುವಷ್ಟು ಬೆಳೆದಿಲ್ಲವೆಂದು ಅರ್ಥ. ಹಾಗೆಂದು ತ್ರಿಶತಕವನ್ನು ಅದೃಷ್ಟದ ಲೆಕ್ಕಕ್ಕೆ ಬರೆಯುವುದೂ ಸಲ್ಲದು. ಮುನ್ನೂರು ರನ್‌ಗಳಿಗೆ ಬೇಕಾದ ಕೌಶಲ ಮತ್ತು ಸಹನೆ ಇಲ್ಲದವರಿಂದ ಅದು ಸಾಧ್ಯವಾಗುವುದಿಲ್ಲ. ಒಂದು ದೊಡ್ಡ ಇನಿಂಗ್ಸ್ ಬ್ಯಾಟರ್ ಎಷ್ಟು ಎತ್ತರಕ್ಕೆ ಏರಬಲ್ಲರು ಎಂಬುದನ್ನು ತೋರಿಸುತ್ತದೆ. ಎಷ್ಟು ಸಲ ಏರಬಲ್ಲರು ಎಂಬುದನ್ನು ತೋರಿಸುವುದಿಲ್ಲ.

ರನ್ ಯಾರ ವಿರುದ್ಧ ಬಂದವು?

ಇಬ್ಬರು ವಿದ್ಯಾರ್ಥಿಗಳು ತಲಾ ತೊಂಬತ್ತು ಅಂಕ ಪಡೆದಿದ್ದರೂ ಪ್ರಶ್ನೆಪತ್ರಿಕೆಗಳು ಬೇರೆಯಾಗಿದ್ದರೆ ಅವರನ್ನು ನೇರವಾಗಿ ಹೋಲಿಸಲಾಗದು. ದೀರ್ಘಕಾಲ ಆಡಿದವರು ಸುಲಭದ ಪತ್ರಿಕೆಯನ್ನೂ ಕಷ್ಟದ್ದನ್ನೂ ಬರೆದಿರುತ್ತಾರೆ, ಹಾಗಾಗಿ ಅವರ ಸರಾಸರಿಯಲ್ಲಿ ಎರಡೂ ಬೆರೆತಿರುತ್ತವೆ. ಸ್ವಲ್ಪವೇ ಆಡಿದವರಿಗೆ ಆ ಸಮತೋಲನ ಸಿಕ್ಕಿರುವುದಿಲ್ಲ.

ಆಸ್ಟ್ರೇಲಿಯಾದ ಆ್ಯಡಂ ವೋಜಸ್ 35ನೆಯ ವಯಸ್ಸಿನಲ್ಲಿ, 2015ರಲ್ಲಿ, ಟೆಸ್ಟ್‌ಗೆ ಪದಾರ್ಪಣೆ ಮಾಡಿ 20 ಪಂದ್ಯಗಳಲ್ಲಿ 1485 ರನ್ ಗಳಿಸಿದರು. ಸರಾಸರಿ 61.87. ಸರಾಸರಿಗಳ ಪಟ್ಟಿಯಲ್ಲಿ ಅವರ ಸ್ಥಾನ ದಕ್ಷಿಣ ಆಫ್ರಿಕಾದ ಗ್ರೇಮ್ ಪೊಲಾಕ್ ಮತ್ತು ವೆಸ್ಟ್ ಇಂಡೀಸ್‌ನ ಜಾರ್ಜ್ ಹೆಡ್ಲಿ ಅವರಿಗಿಂತ ಮೇಲೆ. ಆದರೆ ಆ ರನ್‌ಗಳಲ್ಲಿ 542 ಆಗಿನ ದುರ್ಬಲ ವೆಸ್ಟ್ ಇಂಡೀಸ್ ವಿರುದ್ಧ ಬಂದವು, ಅದೂ ಒಂದೇ ಸಲ ಔಟಾಗಿ. ಅವನ್ನು ಕಳೆದರೆ 23 ಸಲ ಔಟಾಗಿ 943 ರನ್, ಸರಾಸರಿ 41. ಈ ಲೆಕ್ಕ ವೋಜಸ್ ಅವರನ್ನು ಹೀಗಳೆಯುವುದಕ್ಕಲ್ಲ. ಎದುರಿಗಿದ್ದವರ ವಿರುದ್ಧ ರನ್ ಗಳಿಸುವುದಷ್ಟೇ ಬ್ಯಾಟರ್‌ನ ಕೆಲಸ, ಅದನ್ನು ಅವರು ಚೆನ್ನಾಗಿಯೇ ಮಾಡಿದರು. ಆದರೆ ಹೆಡ್ಲಿಯವರಿಗಿಂತ ಮೇಲಿನ ಬ್ಯಾಟರ್ ಎಂದು ಹೇಳಲು ಆ ಸಂಖ್ಯೆ ಸಾಕಾಗುವುದಿಲ್ಲ.

ವಿನೋದ್ ಕಾಂಬ್ಳಿ ಅವರ ಕಥೆ ಇದರ ಇನ್ನೊಂದು ಮುಖ. 1993ರಲ್ಲಿ ಇಂಗ್ಲೆಂಡ್ ವಿರುದ್ಧ 224, ಜಿಂಬಾಬ್ವೆ ವಿರುದ್ಧ 227 ಹೊಡೆದು, ಮೊದಲ ಏಳು ಟೆಸ್ಟ್‌ಗಳಲ್ಲಿ ಅವರು 793 ರನ್ ಗಳಿಸಿದರು. ಆ ಹಂತದಲ್ಲಿ ಸರಾಸರಿ 113. ಮುಂದಿನ ಹತ್ತು ಟೆಸ್ಟ್‌ಗಳಲ್ಲಿ ಬಂದದ್ದು 291 ರನ್, ಸರಾಸರಿ 22ರ ಆಸುಪಾಸು. ನಡುವೆ ವೆಸ್ಟ್ ಇಂಡೀಸ್‌ನ ವೇಗಿಗಳು ಎದೆಯೆತ್ತರದ ಚೆಂಡುಗಳಿಂದ ಅವರನ್ನು ಪರೀಕ್ಷಿಸಿದ್ದರು. 1995ರಲ್ಲಿ, 23ನೆಯ ವಯಸ್ಸಿಗೇ, 54.20ರ ಸರಾಸರಿಯೊಂದಿಗೆ ಅವರ ಟೆಸ್ಟ್ ಬದುಕು ಮುಗಿಯಿತು. 54 ಎಂಬ ಸಂಖ್ಯೆಯೊಳಗೆ 113 ಮತ್ತು 22 ಎರಡೂ ಅಡಗಿವೆ. ಅಷ್ಟು ಚಿಕ್ಕ ವಯಸ್ಸಿನವರಿಗೆ ದೋಷ ತಿದ್ದಿಕೊಳ್ಳಲು ಇನ್ನಷ್ಟು ಅವಕಾಶ ಸಿಗಬೇಕಿತ್ತೆಂದು ನನಗೆ ಅನಿಸುತ್ತದೆ, ಏಕೆಂದರೆ ಶ್ರೇಷ್ಠರೆನಿಸಿಕೊಂಡ ಬಹುತೇಕರು ಇಂಥದೊಂದು ಕುಸಿತವನ್ನು ದಾಟಿಯೇ ಬಂದವರು. ಆದರೆ ದಾಟುತ್ತಿದ್ದರು ಎಂಬುದಕ್ಕೆ ದಾಖಲೆಯಲ್ಲಿ ಪುರಾವೆ ಇಲ್ಲ.

ಟೆಸ್ಟ್ ಆಚೆಗಿನ ಸಾಕ್ಷ್ಯ

ಅಂತರರಾಷ್ಟ್ರೀಯ ಪಂದ್ಯಗಳು ಕಡಿಮೆಯಿದ್ದಾಗ ಸಹಜವಾಗಿ ನೋಡಬೇಕಾದದ್ದು ಪ್ರಥಮ ದರ್ಜೆ ಕ್ರಿಕೆಟ್ಟನ್ನು. ಟೆಸ್ಟ್ ಪಂದ್ಯಗಳನ್ನೂ ಒಳಗೊಂಡು, ಮೂರು ಅಥವಾ ಹೆಚ್ಚು ದಿನಗಳಿಗೆ ನಿಗದಿಯಾದ ಉನ್ನತ ಮಟ್ಟದ ಪಂದ್ಯಗಳಿಗೆ ಈ ಹೆಸರು. ರಣಜಿ ಟ್ರೋಫಿ, ಇಂಗ್ಲೆಂಡ್‌ನ ಕೌಂಟಿ ಪಂದ್ಯಗಳು, ಆಸ್ಟ್ರೇಲಿಯಾದ ಶೆಫೀಲ್ಡ್ ಶೀಲ್ಡ್ ಎಲ್ಲವೂ ಇದರಲ್ಲಿ ಬರುತ್ತವೆ. ರಿಚರ್ಡ್ಸ್ ಈ ಮಟ್ಟದಲ್ಲಿ 28,358 ರನ್ ಮತ್ತು 80 ಶತಕಗಳನ್ನು ಗಳಿಸಿದರು, ಸರಾಸರಿ 54.74. ಐನೂರಕ್ಕೂ ಹೆಚ್ಚು ಸಲ ಔಟಾಗಿ ಬಂದ ಸರಾಸರಿ ಇದು. ಮೇಲೆ ಹೇಳಿದ ಅಂದಾಜಿನ ಪ್ರಕಾರ ಇದು ಎರಡು ಮೂರು ರನ್‌ಗಳಿಗಿಂತ ಹೆಚ್ಚು ಅತ್ತಿತ್ತ ಆಗುವುದಿಲ್ಲ. ಅನಿಶ್ಚಯ ಇಲ್ಲಿ ಬಹುತೇಕ ಇಲ್ಲ.

ಇರುವ ತೊಡಕು ಬೇರೆ. ದೇಸಿ ಕ್ರಿಕೆಟ್‌ನ ರನ್‌ಗಳು ಟೆಸ್ಟ್ ರನ್‌ಗಳಾಗಿ ಎಲ್ಲರಲ್ಲೂ ಒಂದೇ ತೆರನಾಗಿ ಮಾರ್ಪಡುವುದಿಲ್ಲ. ಇಂಗ್ಲೆಂಡ್‌ನ ಗ್ರೇಮ್ ಹಿಕ್ ಪ್ರಥಮ ದರ್ಜೆಯಲ್ಲಿ 136 ಶತಕಗಳೊಂದಿಗೆ 52.23ರ ಸರಾಸರಿ ಹೊಂದಿದ್ದರೂ 65 ಟೆಸ್ಟ್‌ಗಳಲ್ಲಿ ಅವರ ಸರಾಸರಿ 31.32. ಮಾರ್ಕ್ ರಾಂಪ್ರಕಾಶ್ ಅವರದು ಪ್ರಥಮ ದರ್ಜೆಯಲ್ಲಿ 53.14, ಟೆಸ್ಟ್‌ನಲ್ಲಿ 27.32. ಈ ಇಬ್ಬರೂ ಏಳೇ ಇನಿಂಗ್ಸ್ ಆಡಿ ನಿಂತಿದ್ದರೆ, ಅವಕಾಶ ಸಿಗದ ಮಹಾನ್ ಬ್ಯಾಟರ್‌ಗಳೆಂದು ನಾವು ಇಂದಿಗೂ ಮರುಗುತ್ತಿದ್ದೆವೋ ಏನೋ. ಕೌಂಟಿಯ ರನ್‌ಗಳನ್ನು ಮಾತ್ರ ನಂಬಿ ತೀರ್ಪು ಕೊಡುವವರಿಗೆ ಇವರಿಬ್ಬರು ದೊಡ್ಡ ಎಚ್ಚರಿಕೆ.

ಈ ತೊಡಕಿನಿಂದ ಹೊರಬರಲು ಒಂದು ದಾರಿಯಿದೆ: ಜೊತೆಯಲ್ಲಿ ಆಡಿದವರೊಂದಿಗೆ ಹೋಲಿಸುವುದು. ಎರಡು ಊರುಗಳಲ್ಲಿ ಬೇರೆ ಬೇರೆ ಅಳತೆಗೋಲುಗಳಿದ್ದರೂ, ಎರಡರಿಂದಲೂ ಅಳೆದ ಒಂದೇ ಹಲಗೆ ಇದ್ದರೆ ಒಂದು ಅಳತೆಯನ್ನು ಇನ್ನೊಂದಕ್ಕೆ ಬದಲಾಯಿಸಬಹುದು. ರಿಚರ್ಡ್ಸ್ ವಿಷಯದಲ್ಲಿ ಅಂಥ ಹಲಗೆ ಗಾರ್ಡನ್ ಗ್ರೀನಿಜ್. ಎಪ್ಪತ್ತರ ದಶಕದಲ್ಲಿ ಹ್ಯಾಂಪ್‌ಷೈರ್ ಕೌಂಟಿಗೆ ಇವರಿಬ್ಬರೂ ಒಟ್ಟಿಗೆ ಇನಿಂಗ್ಸ್ ಆರಂಭಿಸುತ್ತಿದ್ದರು. ಅದೇ ಪಿಚ್, ಅದೇ ಹೊಸ ಚೆಂಡು, ಅದೇ ಬೌಲರ್‌ಗಳು. ಗ್ರೀನಿಜ್ ಮುಂದೆ ವೆಸ್ಟ್ ಇಂಡೀಸ್ ಪರವಾಗಿ 108 ಟೆಸ್ಟ್ ಆಡಿ 7558 ರನ್ ಗಳಿಸಿ, ಅತ್ಯುತ್ತಮ ಆರಂಭಿಕರಲ್ಲಿ ಒಬ್ಬರೆನಿಸಿಕೊಂಡರು. ಅವರ ಪ್ರಥಮ ದರ್ಜೆ ಸರಾಸರಿ 45.88, ಟೆಸ್ಟ್ ಸರಾಸರಿ 44.72. ಅಂದರೆ ಟೆಸ್ಟ್ ಮಟ್ಟಕ್ಕೆ ಏರಿದಾಗ ಅವರು ಕಳೆದುಕೊಂಡದ್ದು ಕೇವಲ ಒಂದು ರನ್. ಹಾಗಿರುವಾಗ ಪ್ರಥಮ ದರ್ಜೆಯಲ್ಲಿ ಅವರಿಗಿಂತ ಸುಮಾರು ಒಂಬತ್ತು ರನ್ ಮುಂದಿದ್ದ ರಿಚರ್ಡ್ಸ್ ಟೆಸ್ಟ್‌ನಲ್ಲಿ ಐವತ್ತರ ಮೇಲೆಯೇ ಉಳಿಯುತ್ತಿದ್ದರೆಂದು ಊಹಿಸುವುದು ಅತಿಯಲ್ಲ. ಆರಂಭದ ವರ್ಷಗಳಲ್ಲಿ ಗ್ರೀನಿಜ್ ಇನ್ನೂ ಎಳೆಯರಾಗಿದ್ದರು, ರಿಚರ್ಡ್ಸ್ ಮಾಗಿದ್ದರು ಎಂಬುದನ್ನು ಗಣನೆಗೆ ತೆಗೆದುಕೊಂಡರೂ ಹೋಲಿಕೆಗೆ ತೂಕವಿದೆ.

1968ರಿಂದ ಕೌಂಟಿಗಳು ವಿದೇಶಿ ಆಟಗಾರರನ್ನು ಸುಲಭವಾಗಿ ಸೇರಿಸಿಕೊಳ್ಳಬಹುದಾದ್ದರಿಂದ ಆ ಕಾಲದ ಕೌಂಟಿ ಬೌಲಿಂಗ್ ಮಟ್ಟವೂ ಕಡಿಮೆಯದಾಗಿರಲಿಲ್ಲ; ಮೈಕ್ ಪ್ರಾಕ್ಟರ್, ಬಿಷನ್ ಸಿಂಗ್ ಬೇಡಿ, ಸರ್ಫರಾಜ್ ನವಾಜ್ ಅಂಥವರು ಅಲ್ಲಿ ಆಡುತ್ತಿದ್ದರು. ಆಸ್ಟ್ರೇಲಿಯಾದಲ್ಲಿಯೂ ರಿಚರ್ಡ್ಸ್ ಒಂದು ಋತು ಆಡಿದರು. 1970ರ ನವೆಂಬರ್‌ನಲ್ಲಿ ಪರ್ತ್‌ನಲ್ಲಿ, ವೇಗಿಗಳಾದ ಡೆನಿಸ್ ಲಿಲ್ಲಿ ಮತ್ತು ಗ್ರಹಾಂ ಮೆಕೆಂಝಿ ಇದ್ದ ವೆಸ್ಟರ್ನ್ ಆಸ್ಟ್ರೇಲಿಯಾ ತಂಡದ ವಿರುದ್ಧ ಒಂದೇ ದಿನದಲ್ಲಿ 325 ರನ್ ಗಳಿಸಿ, ಕೊನೆಗೆ 356ಕ್ಕೆ ಔಟಾದರು. ಆ ಋತುವಿನಲ್ಲಿ ಸೌತ್ ಆಸ್ಟ್ರೇಲಿಯಾ ಪರ ಅವರ ಸರಾಸರಿ 109.86. ಬ್ರಾಡ್ಮನ್ ವಾಸವಿದ್ದದ್ದೂ ಆ ರಾಜ್ಯದ ಅಡಿಲೇಡ್‌ನಲ್ಲಿಯೇ, ಹಾಗಾಗಿ ರಿಚರ್ಡ್ಸ್ ಆಟವನ್ನು ಅವರು ಹತ್ತಿರದಿಂದ ನೋಡಿರಬಹುದು.

ಇವೆಲ್ಲಕ್ಕಿಂತ ನನಗೆ ಹೆಚ್ಚು ಬಲವಾದ ಪುರಾವೆ ಎನಿಸುವುದು ಆಸ್ಟ್ರೇಲಿಯಾದ ಮಾಧ್ಯಮ ಉದ್ಯಮಿ ಕೆರಿ ಪ್ಯಾಕರ್ ಕ್ರಿಕೆಟ್ ಮಂಡಳಿಗಳ ಹೊರಗೆ ನಡೆಸಿದ ವಿಶ್ವ ಸರಣಿ ಕ್ರಿಕೆಟ್. ಜಗತ್ತಿನ ಅತ್ಯುತ್ತಮ ವೇಗಿಗಳು ಒಂದೆಡೆ ಸೇರಿದ್ದ ಆ ಸ್ಪರ್ಧೆಯ ಐದು ಸೂಪರ್‌ಟೆಸ್ಟ್‌ಗಳಲ್ಲಿ (ಟೆಸ್ಟ್ ಮಾದರಿಯ ಪಂದ್ಯಗಳಲ್ಲಿ) ರಿಚರ್ಡ್ಸ್ 554 ರನ್ ಗಳಿಸಿದರು, ಸರಾಸರಿ 79.14. 1978ರ ಜನವರಿಯಲ್ಲಿ ಪರ್ತ್‌ನಲ್ಲಿ ಹೊಡೆದ 207 ಅದರಲ್ಲಿ ಸೇರಿದೆ. ಈ ಪಂದ್ಯಗಳಿಗೆ ಅಧಿಕೃತ ಮಾನ್ಯತೆ ಇಲ್ಲ. ಆದರೆ ಮಾನ್ಯತೆ ಇಲ್ಲವೆಂದ ಮಾತ್ರಕ್ಕೆ ಚೆಂಡಿನ ವೇಗ ಕಡಿಮೆಯಾಗಿರಲಿಲ್ಲ. ಟೆಸ್ಟ್‌ನ ಏಳು ಇನಿಂಗ್ಸ್‌ಗಳ ಮಾತನ್ನೇ, ಎಂಟು ವರ್ಷಗಳ ಬಳಿಕ, ಬೇರೆ ಬೌಲರ್‌ಗಳ ಎದುರು ಇವು ಮತ್ತೆ ಹೇಳುತ್ತವೆ.

ವೃತ್ತಿಜೀವನ ಚಿಕ್ಕದಾದದ್ದೇಕೆ?

ಒಬ್ಬರ ಆಟ ಬೇಗ ಮುಗಿಯಲು ಆಟದೊಳಗಿನ ಕಾರಣವಿರಬಹುದು, ಹೊರಗಿನ ಕಾರಣವೂ ಇರಬಹುದು. ರನ್ ಬಾರದೆ ಆಯ್ಕೆಗಾರರು ಕೈಬಿಟ್ಟರೆ, ಆ ನಿರ್ಧಾರದಲ್ಲಿಯೇ ಆಟಗಾರನ ಬಗ್ಗೆ ಒಂದಿಷ್ಟು ಮಾಹಿತಿ ಇರುತ್ತದೆ. ಯುದ್ಧ, ನಿಷೇಧ ಅಥವಾ ಪಂದ್ಯಗಳೇ ಇಲ್ಲದಿರುವುದು ಆಟಗಾರನ ಬಗ್ಗೆ ಏನನ್ನೂ ಹೇಳುವುದಿಲ್ಲ. ಎರಡೂ ಸಂದರ್ಭಗಳಲ್ಲಿ ಸರಾಸರಿ ಒಂದೊಂದು ದಿಕ್ಕಿಗೆ ವಾಲುತ್ತದೆ. ಕೈಬಿಟ್ಟವರ ಲೆಕ್ಕ ಸಾಮಾನ್ಯವಾಗಿ ಅವರ ಕೆಟ್ಟ ಕಾಲದಲ್ಲಿ ನಿಂತುಬಿಡುತ್ತದೆ. ಉತ್ತುಂಗದಲ್ಲಿದ್ದಾಗ ಹೊರಗಿನ ಕಾರಣದಿಂದ ನಿಂತವರ ಲೆಕ್ಕದಲ್ಲಿ ಕುಸಿತದ ಕಾಲ ಸೇರುವುದೇ ಇಲ್ಲ.

ಭಾರತದ ವಿಜಯ್ ಮರ್ಚೆಂಟ್ 1933ರಿಂದ 1951ರವರೆಗಿನ ಹದಿನೆಂಟು ವರ್ಷಗಳಲ್ಲಿ ಆಡಿದ್ದು ಹತ್ತೇ ಟೆಸ್ಟ್, ಎಲ್ಲವೂ ಇಂಗ್ಲೆಂಡ್ ವಿರುದ್ಧ. ಅವರ ಅತ್ಯುತ್ತಮ ವರ್ಷಗಳನ್ನು ಎರಡನೆಯ ಮಹಾಯುದ್ಧ ನುಂಗಿತು. ಟೆಸ್ಟ್ ಸರಾಸರಿ 47.72. ಪ್ರಥಮ ದರ್ಜೆಯ 71.64 ಆ ಕಾಲದ ಭಾರತದ ಬ್ಯಾಟಿಂಗ್‌ಸ್ನೇಹಿ ಪಿಚ್‌ಗಳ ಫಲ ಎಂಬ ಆಕ್ಷೇಪಕ್ಕೆ 1946ರ ಇಂಗ್ಲೆಂಡ್ ಪ್ರವಾಸದಲ್ಲಿ ಅವರು ಗಳಿಸಿದ 2385 ರನ್, 74.53ರ ಸರಾಸರಿಯೇ ಉತ್ತರ. ಕೊನೆಯ ಟೆಸ್ಟ್‌ನಲ್ಲಿ ಅವರು ಹೊಡೆದದ್ದು 154.

ಜಾರ್ಜ್ ಹೆಡ್ಲಿ ಅವರ ದಾಖಲೆ ಯುದ್ಧದ ಎರಡೂ ಬದಿಗೆ ಹರಡಿದೆ. 1939ರವರೆಗೆ 19 ಟೆಸ್ಟ್‌ಗಳಲ್ಲಿ ಅವರು 2135 ರನ್ ಗಳಿಸಿದ್ದರು, ಸರಾಸರಿ 66ಕ್ಕೂ ಹೆಚ್ಚು. ಯುದ್ಧಾನಂತರ ಮೂರು ಟೆಸ್ಟ್ ಆಡಿ, ಕೊನೆಯದನ್ನು 1954ರಲ್ಲಿ ಮುಗಿಸಿದರು. ಆ ಮೂರರಲ್ಲಿ ಬಂದದ್ದು 55 ರನ್. ಒಟ್ಟು ಸರಾಸರಿ 60.83ಕ್ಕೆ ಇಳಿಯಿತು. ಯುದ್ಧದ ಬಳಿಕ ಆಡದಿದ್ದರೆ ಅವರ ಅಂಕಿ ಇನ್ನೂ ಹೊಳೆಯುತ್ತಿತ್ತು, ಆದರೆ ಬ್ಯಾಟರ್ ಅವರೇ. ಬೇಗ ನಿಂತವರನ್ನು ದೀರ್ಘಕಾಲ ಆಡಿದವರೊಂದಿಗೆ ಹೋಲಿಸುವಾಗ, ದೀರ್ಘಕಾಲ ಆಡಿದವರ ಉತ್ತುಂಗದ ವರ್ಷಗಳನ್ನು ಪ್ರತ್ಯೇಕಿಸಿ ನೋಡಬೇಕೆನ್ನುವುದು ಈ ಕಾರಣಕ್ಕೆ.

ಮಹಿಳಾ ಕ್ರಿಕೆಟ್‌ನಲ್ಲಿ ಚಿಕ್ಕ ಟೆಸ್ಟ್ ಬದುಕು ಅಪವಾದವಾಗಿರಲಿಲ್ಲ, ನಿಯಮವೇ ಆಗಿತ್ತು. ಆಸ್ಟ್ರೇಲಿಯಾದ ಬೆಟ್ಟಿ ವಿಲ್ಸನ್ 1948ರಿಂದ 1958ರವರೆಗೆ ಆಡಿದ್ದು 11 ಟೆಸ್ಟ್, ಬ್ಯಾಟಿಂಗ್ ಸರಾಸರಿ 57.46. ಇಂಗ್ಲೆಂಡ್‌ನ ಈನಿಡ್ ಬೇಕ್‌ವೆಲ್ 12 ಟೆಸ್ಟ್‌ಗಳಲ್ಲಿ 59.88. ಪುರುಷರಿಗಾಗಿ ಎಳೆದ ಕನಿಷ್ಠ ಪಂದ್ಯಗಳ ಗೆರೆಯನ್ನು ಇವರಿಗೆ ಅನ್ವಯಿಸುವುದರಲ್ಲಿ ಅರ್ಥವಿಲ್ಲ.

ದಕ್ಷಿಣ ಆಫ್ರಿಕಾದ ವಿಷಯದಲ್ಲಿ ಇನ್ನೊಂದು ಮಾತನ್ನು ಹೇಳದೆ ಮುಂದೆ ಹೋಗಲಾಗದು. ನಿಷೇಧ ರಿಚರ್ಡ್ಸ್ ಅವರಿಂದ ಟೆಸ್ಟ್ ಪಂದ್ಯಗಳನ್ನು ಕಿತ್ತುಕೊಂಡಿತು, ನಿಜ. ಆದರೆ ಅದೇ ದೇಶದ ಕಪ್ಪು ಮತ್ತು ಮಿಶ್ರವರ್ಣೀಯ ಆಟಗಾರರಿಗೆ ವರ್ಣಭೇದ ನೀತಿಯಿಂದಾಗಿ ಏಳು ಇನಿಂಗ್ಸ್ ಕೂಡ ದಕ್ಕಿರಲಿಲ್ಲ. ಬೆಸಿಲ್ ಡಿಒಲಿವೇರ ದೇಶ ಬಿಟ್ಟು ಇಂಗ್ಲೆಂಡ್‌ಗೆ ಹೋಗಿ, ಮೂವತ್ತು ದಾಟಿದ ಬಳಿಕ 1966ರಲ್ಲಿ ಆ ದೇಶದ ಪರವಾಗಿ ಟೆಸ್ಟ್ ಆಡಿದರು. 44 ಪಂದ್ಯಗಳಲ್ಲಿ 40.06ರ ಸರಾಸರಿ ಗಳಿಸಿದರು. ಇಪ್ಪತ್ತರ ಹರೆಯದಲ್ಲಿ ಅವರ ಆಟ ಹೇಗಿತ್ತೆಂದು ತಿಳಿಯಲು ಒಂದು ಟೆಸ್ಟ್ ಇನಿಂಗ್ಸ್ ಕೂಡ ನಮ್ಮ ಮುಂದಿಲ್ಲ.

ದೀರ್ಘಕಾಲ ಆಡುವುದೂ ಒಂದು ಕೌಶಲವೇ?

ಹೌದು, ಮತ್ತು ಚರ್ಚೆ ಬಗೆಹರಿಯದಿರುವುದು ಮುಖ್ಯವಾಗಿ ಇದರಿಂದಲೇ. ಸಚಿನ್ ತೆಂಡೂಲ್ಕರ್ 1989ರಿಂದ 2013ರವರೆಗೆ 200 ಟೆಸ್ಟ್ ಆಡಿ 15,921 ರನ್ ಗಳಿಸಿದರು. ಅಷ್ಟು ಕಾಲದಲ್ಲಿ ಎದುರಾಳಿಗಳು ಅವರ ಆಟವನ್ನು ಅಂಗುಲ ಅಂಗುಲವಾಗಿ ಅಧ್ಯಯನ ಮಾಡಿದರು, ದೇಹ ಗಾಯಗೊಂಡಿತು, ಪ್ರತಿ ದೇಶದ ಪಿಚ್‌ಗಳೂ ಬಂದವು. ಆಸ್ಟ್ರೇಲಿಯಾದ ಮೈಕ್ ಹಸಿ ಟೆಸ್ಟ್ ಬದುಕಿನ ಆರಂಭದಲ್ಲಿ ಎಂಬತ್ತಕ್ಕೂ ಹೆಚ್ಚಿನ ಸರಾಸರಿಯಲ್ಲಿ ಆಡುತ್ತಿದ್ದರು. 79 ಟೆಸ್ಟ್‌ಗಳ ಕೊನೆಗೆ ಅದು 51.52ಕ್ಕೆ ಬಂದು ನಿಂತಿತು. ಹಸಿ ಅವರ ಆಟ ಕೆಟ್ಟಿತೆಂದು ಇದರ ಅರ್ಥವಲ್ಲ. ಯಾರದೇ ಆದರೂ ಅಸಾಧಾರಣ ಆರಂಭ ಕಾಲ ಕಳೆದಂತೆ ನಿಜವಾದ ಮಟ್ಟದ ಕಡೆಗೆ ಇಳಿಯುವುದು ಸಹಜ.

ಆದ್ದರಿಂದ ಇಲ್ಲಿ ಪ್ರಶ್ನೆಗಳು ಎರಡಿವೆ. ಒಬ್ಬರು ಎಷ್ಟು ಸಮರ್ಥ ಬ್ಯಾಟರ್ ಎಂಬುದು ಒಂದು. ಅವರ ಟೆಸ್ಟ್ ಸಾಧನೆ ಎಷ್ಟು ದೊಡ್ಡದು ಎಂಬುದು ಇನ್ನೊಂದು. ಎರಡನೆಯ ಪ್ರಶ್ನೆಗೆ ರಿಚರ್ಡ್ಸ್ ಅವರ 508 ರನ್‌ಗಳನ್ನು ತೆಂಡೂಲ್ಕರ್ ಅವರ ರನ್‌ಗಳ ಪಕ್ಕದಲ್ಲಿಡಲು ಬರುವುದಿಲ್ಲ. ಮೊದಲನೆಯದಕ್ಕೆ ಮಾತ್ರ ಟೆಸ್ಟ್, ಕೌಂಟಿ, ಶೆಫೀಲ್ಡ್ ಶೀಲ್ಡ್ ಮತ್ತು ಸೂಪರ್‌ಟೆಸ್ಟ್‌ಗಳ ಸಾಕ್ಷ್ಯವೆಲ್ಲ ಒಂದೇ ದಿಕ್ಕಿಗೆ ಬೆರಳು ತೋರುತ್ತದೆ. ಸಾಮರ್ಥ್ಯದ ದೃಷ್ಟಿಯಿಂದ ಅವರನ್ನು ಅತ್ಯುನ್ನತ ಸಾಲಿನಲ್ಲಿ ಇಡಲು ಅಷ್ಟು ಸಾಕೆಂದು ನನ್ನ ಎಣಿಕೆ. ಇದೇ ಅಳತೆ ಕಾಂಬ್ಳಿಯವರಿಗೆ ಅಷ್ಟು ನಿಚ್ಚಳವಾದ ಉತ್ತರ ಕೊಡುವುದಿಲ್ಲ. ಕರುಣ್ ಅವರ ವಿಷಯದಲ್ಲಿ, ಮರಳಿ ಬಂದು ಇಂಗ್ಲೆಂಡ್‌ನಲ್ಲಿ ಆಡಿದ ನಾಲ್ಕು ಟೆಸ್ಟ್‌ಗಳನ್ನು ಸೇರಿಸಿದರೂ ಅದಕ್ಕೆ ಸಿಗುವುದು ಹದಿನೈದೇ ಇನಿಂಗ್ಸ್.

ರಿಚರ್ಡ್ಸ್ ಅವರ ಬಗೆಗೂ ಕೆಲವು ಪುಟಗಳು ಖಾಲಿಯೇ ಉಳಿದಿವೆ. ಏಳು ಇನಿಂಗ್ಸ್‌ಗಳಲ್ಲಿ ಅವರು 29ಕ್ಕಿಂತ ಕಡಿಮೆ ರನ್‌ಗೆ ಒಮ್ಮೆಯೂ ಔಟಾಗಲಿಲ್ಲ. ಹಾಗಾಗಿ ಸತತ ವೈಫಲ್ಯದ ಬಳಿಕ ಮರುದಿನ ಮೈದಾನಕ್ಕಿಳಿಯುವ ಟೆಸ್ಟ್ ಬ್ಯಾಟರ್ ಆಗಿ ಅವರನ್ನು ಯಾರೂ ನೋಡಲಿಲ್ಲ. ಭಾರತದ ಪಿಚ್‌ನಲ್ಲಿ, ಐದನೆಯ ದಿನ, ಸ್ಪಿನ್ನರ್‌ಗಳಾದ ಬೇಡಿ ಮತ್ತು ಪ್ರಸನ್ನ ಅವರ ಎದುರು ಅವರು ಟೆಸ್ಟ್ ಆಡುವುದನ್ನೂ ಯಾರೂ ನೋಡಲಿಲ್ಲ.